ದಾಖಲೆ ಎಲ್ಲಿ ಹೋಗಿ ಕೂರುತ್ತದೆ? ಡೇಟಾಬೇಸ್ ಅಪ್ಲಿಕೇಶನ್‌ಗೆ ಸಿಎಂಎಸ್ ಆರಿಸುವ ಮುನ್ನ

ಸಿಎಂಎಸ್ (ತಾಣದ ವಿಷಯ ನಿರ್ವಹಿಸುವ ತಂತ್ರಾಂಶ) ಆರಿಸಲು ಕೂತವರು ಮೊದಲು ಥೀಮ್ ನೋಡುತ್ತಾರೆ, ಆಮೇಲೆ ಎಷ್ಟು ಪ್ಲಗಿನ್ ಇವೆ ಎಂದು, ಕೊನೆಗೆ ಹೋಸ್ಟಿಂಗ್ ಖರ್ಚು. ಲೇಖನ, ಫೋಟೊ ಹಾಕುವ ತಾಣಕ್ಕೆ ಇಷ್ಟು ಸಾಕು. ಲೆಕ್ಕ ಇಡುವ ಅಪ್ಲಿಕೇಶನ್ ಕಟ್ಟುವುದಾದರೆ ಮೊದಲ ಪ್ರಶ್ನೆಯೇ ಬೇರೆ: ಫಾರ್ಮ್ ತುಂಬಿ ‘ಸೇವ್’ ಒತ್ತಿದಾಗ ಆ ದಾಖಲೆ ಯಾವ ಟೇಬಲ್‌ನ ಯಾವ ಕಾಲಂನಲ್ಲಿ ಹೋಗಿ ಕೂರುತ್ತದೆ? ಇದಕ್ಕೆ ಉತ್ತರ ಸಿಗುವವರೆಗೆ ಬೇರೇನನ್ನೂ ತೀರ್ಮಾನಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉದಾಹರಣೆಗೆ ಒಂದು ದೇಸಿ ಬೀಜ ಬ್ಯಾಂಕ್ ತೆಗೆದುಕೊಳ್ಳೋಣ. ಮುಂಗಾರಿಗೆ ಮುಂಚೆ ರೈತರಿಗೆ ಬೀಜ ಕೊಡುತ್ತಾರೆ, ಸುಗ್ಗಿಯಾದ ಮೇಲೆ ಒಯ್ದದ್ದರ ಎರಡರಷ್ಟು ವಾಪಸ್ ಪಡೆಯುತ್ತಾರೆ. ಬೇಕಾದ ಟೇಬಲ್‌ಗಳು ನಾಲ್ಕು: ತಳಿ, ರೈತ, ವಿತರಣೆ, ವಾಪಸಾತಿ. ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ವರ್ಷ ರಾಜಮುಡಿ ಭತ್ತ ಒಯ್ದವರಲ್ಲಿ ಯಾರದು ಎಷ್ಟು ಕೆಜಿ ಬಾಕಿ ಇದೆ? ಯಾವ ಸಿಎಂಎಸ್ ಅಥವಾ ಫ್ರೇಮ್‌ವರ್ಕ್ (ಅಪ್ಲಿಕೇಶನ್ ಕಟ್ಟುವ ಸಿದ್ಧ ಚೌಕಟ್ಟು) ಈ ಪ್ರಶ್ನೆಗೆ ತಡವರಿಸದೆ ಸರಿಯಾದ ಉತ್ತರ ಕೊಡುತ್ತದೋ ನೋಡೋಣ.

ವರ್ಡ್‌ಪ್ರೆಸ್‌ನಲ್ಲಿ ‘ವಿತರಣೆ’ ಎಂಬ ಕಸ್ಟಮ್ ಪೋಸ್ಟ್ ಟೈಪ್ (ನಮ್ಮದೇ ಬಗೆಯ ದಾಖಲೆ) ಮಾಡಿ ಫೀಲ್ಡ್‌ಗಳನ್ನು ಸೇರಿಸುವುದು ಅರ್ಧ ದಿನದ ಕೆಲಸ. ಆ ಫೀಲ್ಡ್‌ಗಳೆಲ್ಲ ಹೋಗಿ ಸೇರುವುದು ಪೋಸ್ಟ್‌ಮೆಟಾ ಎಂಬ ಒಂದೇ ಟೇಬಲ್‌ಗೆ, ಒಂದು ಫೀಲ್ಡ್‌ಗೆ ಒಂದು ಸಾಲಿನಂತೆ. 12 ಫೀಲ್ಡ್ ಇರುವ 10,000 ವಿತರಣೆ ಎಂದರೆ 1,20,000 ಸಾಲು. ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ ಬಳಸಿದರೆ ಪ್ರತಿ ಫೀಲ್ಡ್‌ಗೆ ಜೊತೆಯಾಗಿ ಇನ್ನೊಂದು ಸಾಲು ಬರೆಯುವುದರಿಂದ ಅದು 2,40,000. ಮೌಲ್ಯ ಇರುವ ಕಾಲಂ ಲಾಂಗ್‌ಟೆಕ್ಸ್ಟ್ (ಉದ್ದ ಪಠ್ಯದ ಬಗೆ), ಅದಕ್ಕೆ ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಇಲ್ಲ. ಸಂಖ್ಯೆಯೂ ಅಕ್ಷರವಾಗಿಯೇ ಕೂತಿರುತ್ತದೆ. ಹೋಲಿಸುವಾಗ ‘ಇದು ಸಂಖ್ಯೆ’ ಎಂದು ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಹೇಳಲು ಮರೆತರೆ 9 ಕೆಜಿ 10 ಕೆಜಿಗಿಂತ ದೊಡ್ಡದಾಗುತ್ತದೆ. ಪ್ರತಿ ಷರತ್ತಿಗೆ ಒಂದು ಜಾಯಿನ್ (ಟೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಕ್ರಿಯೆ) ಬೇಕು. ತಳಿ, ವರ್ಷ, ಊರು, ಪ್ರಮಾಣ ಎಂದು ನಾಲ್ಕು ಷರತ್ತು ಹಾಕಿದರೆ ಅದೇ ದೊಡ್ಡ ಟೇಬಲ್ ನಾಲ್ಕು ಸಲ ಸೇರಿಕೊಳ್ಳುತ್ತದೆ. ವರ್ಡ್‌ಪ್ರೆಸ್‌ನ ಮೂಲ ಟೇಬಲ್‌ಗಳಲ್ಲಿ ಫಾರಿನ್ ಕೀ (ಒಂದು ಟೇಬಲ್‌ನ ದಾಖಲೆಯನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿ) ಕೂಡ ಇಲ್ಲ. ಒಬ್ಬ ರೈತರ ದಾಖಲೆ ಅಳಿಸಿದರೆ ಅವರ ಹೆಸರಿನ ವಿತರಣೆಗಳು ಇಲ್ಲದ ಐಡಿಯೊಂದನ್ನು ಹಿಡಿದುಕೊಂಡು ಹಾಗೇ ಉಳಿಯುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲೇ ಉಳಿಯಬೇಕಾದರೆ ಲೆಕ್ಕದ ಭಾಗಕ್ಕೆ ಸ್ವಂತ ಟೇಬಲ್ ಮಾಡಿಕೊಳ್ಳಿ. ಅದಕ್ಕಿರುವ ಡಿಬಿಡೆಲ್ಟಾ ಫಂಕ್ಷನ್ ಬಹಳ ಮಡಿ: ಒಂದೊಂದು ಕಾಲಂ ಒಂದೊಂದು ಸಾಲಿನಲ್ಲಿರಬೇಕು, ‘ಪ್ರೈಮರಿ ಕೀ’ (ಪ್ರತಿ ಸಾಲಿನ ಗುರುತಿನ ಕಾಲಂ) ಪದಗಳ ನಂತರ ಎರಡು ಸ್ಪೇಸ್ ಬೇಕು. ಕಾಲಂ ಸೇರಿಸುತ್ತದೆ, ತೆಗೆಯುವುದಿಲ್ಲ.

ಡ್ರೂಪಲ್ ಎಂಬ ಇನ್ನೊಂದು ಸಿಎಂಎಸ್ ಈ ವಿಷಯದಲ್ಲಿ ಎಷ್ಟೋ ವಾಸಿ. ಪ್ರತಿ ಫೀಲ್ಡ್‌ಗೂ ತನ್ನದೇ ಟೇಬಲ್, ಸಂಖ್ಯೆಗೆ ಸಂಖ್ಯೆಯ ಕಾಲಂ. 12 ಫೀಲ್ಡ್‌ಗೆ 12 ಟೇಬಲ್, ಹಳೆಯ ಆವೃತ್ತಿಗಳನ್ನು ಇಡಲು ಇನ್ನೂ 12. ಕೋಡ್ ಬರೆದು ಕಸ್ಟಮ್ ಎಂಟಿಟಿ (ನಮ್ಮದೇ ದಾಖಲೆಯ ಬಗೆ) ಮಾಡಿದರೆ ಒಂಟಿ ಮೌಲ್ಯದ ಫೀಲ್ಡ್‌ಗಳೆಲ್ಲ ಒಂದೇ ಟೇಬಲ್‌ಗೆ ಬರುತ್ತವೆ; ಲೆಕ್ಕದ ಕೆಲಸಕ್ಕೆ ಅದೇ ಸರಿ. 2015ರಲ್ಲಿ ಬಂದ ಡ್ರೂಪಲ್ 8ರಿಂದ ಪಟ್ಟಿ ಮಾಡುವ ವ್ಯೂಸ್ ಎಂಬ ಮಾಡ್ಯೂಲ್ ಅದರ ಒಳಗೇ ಸೇರಿದೆ, ಪಟ್ಟಿ ಮತ್ತು ಫಿಲ್ಟರ್‌ಗಳಿಗೆ ಕೋಡ್ ಬೇಕಿಲ್ಲ. ಯಾರು ಏನನ್ನು ನೋಡಬಹುದು, ತಿದ್ದಬಹುದು ಎಂಬ ಅನುಮತಿಯ ವ್ಯವಸ್ಥೆ ಗಟ್ಟಿಯಾಗಿದೆ. ಎಡವುವುದು ಎಲ್ಲೆಂದರೆ, ಫೀಲ್ಡ್‌ನಲ್ಲಿ ಡೇಟಾ ಬಿದ್ದ ಮೇಲೆ ಅದರ ಬಗೆಯನ್ನು ಪರದೆಯಿಂದ ಬದಲಿಸಲು ಬಿಡುವುದಿಲ್ಲ. ಪ್ರಮಾಣವನ್ನು ಪೂರ್ಣಾಂಕ ಎಂದು ಇಟ್ಟು, ಮುಂದೊಂದು ದಿನ ಎರಡೂವರೆ ಕೆಜಿ ಬರೆಯಬೇಕಾಗಿ ಬಂದರೆ ಹೊಸ ಫೀಲ್ಡ್ ಮಾಡಿ ಹಳೆಯದನ್ನು ಸಾಗಿಸಬೇಕು. ಇನ್ನೊಂದು ಮಾತು: ಡ್ರೂಪಲ್ 7ಕ್ಕೆ 2025ರ ಜನವರಿಯಲ್ಲಿ ಬೆಂಬಲ ನಿಂತಿದೆ. ಅದರ ಮೇಲೆ ಕಟ್ಟಿದ ಹಳೆಯ ಮಾಡ್ಯೂಲ್‌ಗಳನ್ನು ನಂಬಿ ಇಂದು ಯಾವುದನ್ನೂ ಶುರು ಮಾಡಬೇಡಿ.

ಜಾಂಗೊ ಕಟ್ಟುನಿಟ್ಟಿನ ಅರ್ಥದಲ್ಲಿ ಸಿಎಂಎಸ್ ಅಲ್ಲ, ಪೈಥಾನ್ ಭಾಷೆಯ ಫ್ರೇಮ್‌ವರ್ಕ್. ಆದರೂ ಇಂಥ ಕೆಲಸಕ್ಕೆ ನಾನು ಮೊದಲು ಹೇಳುವ ಹೆಸರು ಅದು. ಕಾನ್ಸಾಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಹೊರಬಂದದ್ದು. ಮಾಹಿತಿ ತುಂಬುವ ಸಿಬ್ಬಂದಿಗೆ ಬೇಗ ಪರದೆ ಕೊಡಬೇಕೆಂಬ ತುರ್ತು ಅದರ ಅಡ್ಮಿನ್‌ನಲ್ಲಿ (ಮಾಹಿತಿ ತುಂಬುವ ಸಿದ್ಧ ಪರದೆಯಲ್ಲಿ) ಈಗಲೂ ಕಾಣುತ್ತದೆ. ನಾಲ್ಕು ಮಾಡೆಲ್ (ಟೇಬಲ್‌ನ ವಿವರಣೆ ಇರುವ ಕೋಡ್) ಬರೆದರೆ ನಾಲ್ಕು ಟೇಬಲ್, ಜೊತೆಗೆ ನಿಜವಾದ ಫಾರಿನ್ ಕೀ. ವಿತರಣೆಯಲ್ಲಿ ರೈತರ ಕೊಂಡಿಗೆ ‘ಪ್ರೊಟೆಕ್ಟ್’ ಎಂದು ಕೊಟ್ಟರೆ, ಬೀಜ ಒಯ್ದವರ ದಾಖಲೆಯನ್ನು ಅಳಿಸಲು ಅಡ್ಮಿನ್ ಬಿಡುವುದೇ ಇಲ್ಲ. ಕೆಜಿಗೆ ಡೆಸಿಮಲ್ ಫೀಲ್ಡ್ ಇಡಿ, ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡ, ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ. ಬಳಕೆದಾರರ ಮಾಡೆಲ್ ನಿಮ್ಮದೇ ಇರಲಿ, ಅದೂ ಮೊದಲ ಮೈಗ್ರೇಶನ್‌ಗೆ (ಮಾಡೆಲ್‌ನಿಂದ ಟೇಬಲ್ ಕಟ್ಟುವ ಹಂತಕ್ಕೆ) ಮುಂಚೆ. ಮಧ್ಯದಲ್ಲಿ ಬದಲಿಸುವುದು ತಲೆನೋವು. ರೈತರ ಸಂಖ್ಯೆ ಸಾವಿರ ದಾಟಿದ ಮೇಲೆ ವಿತರಣೆಯ ಫಾರ್ಮ್ ತೆರೆದುಕೊಳ್ಳಲು ತಿಣುಕುತ್ತದೆ, ಏಕೆಂದರೆ ಡ್ರಾಪ್‌ಡೌನ್ ಅಷ್ಟೂ ಹೆಸರುಗಳನ್ನು ಎಳೆದು ತರುತ್ತದೆ. ಅಡ್ಮಿನ್‌ನಲ್ಲಿ ಆ ಫೀಲ್ಡ್‌ಗೆ ಆಟೊಕಂಪ್ಲೀಟ್ ಕೊಟ್ಟರೆ ಸರಿಹೋಗುತ್ತದೆ.

ಈಗ ಬಾಕಿಯ ಪ್ರಶ್ನೆ. ಒಬ್ಬ ರೈತರು 5 ಕೆಜಿಯಂತೆ 2 ಸಲ ಒಯ್ದಿದ್ದಾರೆ, 4 ಕೆಜಿಯಂತೆ 3 ಸಲ ವಾಪಸ್ ಕೊಟ್ಟಿದ್ದಾರೆ. ಒಯ್ದದ್ದು 10, ಕೊಡಬೇಕಾದದ್ದು 20, ಕೊಟ್ಟದ್ದು 12, ಬಾಕಿ 8. ಆದರೆ ರೈತರ ಟೇಬಲ್‌ಗೆ ಎರಡನ್ನೂ ಒಟ್ಟಿಗೆ ಜಾಯಿನ್ ಮಾಡಿ ಮೊತ್ತ ಕೇಳಿದರೆ 2 ಗುಣಿಸು 3, ಅಂದರೆ 6 ಸಾಲು ಬರುತ್ತದೆ. ಒಯ್ದದ್ದು 30 ಎನ್ನುತ್ತದೆ, ಕೊಟ್ಟದ್ದು 24 ಎನ್ನುತ್ತದೆ, ಬಾಕಿ 36 ಎಂದು ತೋರಿಸುತ್ತದೆ. ಎರರ್ ಏನೂ ಬರುವುದಿಲ್ಲ, ರೈತರ ಕೈಗೆ ತಪ್ಪು ಚೀಟಿ ಹೋಗುತ್ತದೆ. ಜಾಂಗೊದಲ್ಲಿ ಎರಡು ಮೊತ್ತಗಳನ್ನು ಒಂದೇ ಆನೊಟೇಟ್‌ನಲ್ಲಿ (ಪ್ರತಿ ದಾಖಲೆಗೆ ಲೆಕ್ಕ ಸೇರಿಸುವ ಆದೇಶದಲ್ಲಿ) ಬರೆದರೂ ಇದೇ ಗತಿ. ಒಂದೊಂದಕ್ಕೂ ಬೇರೆ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಬರೆಯಬೇಕು. ಡ್ರೂಪಲ್‌ನ ವ್ಯೂಸ್‌ನಲ್ಲಿ ಅದು ಸುಲಭವಲ್ಲ. ಡೇಟಾಬೇಸ್‌ನಲ್ಲೇ ಒಂದು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಿ ಓದಿಸುವುದು ಒಳ್ಳೆಯದು.

ಟೇಬಲ್‌ಗಳು ಆಗಲೇ ಇದ್ದರೆ ಡೈರೆಕ್ಟಸ್ ನೋಡಿ. ಇರುವ ಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಕೂತು ಪರದೆ ಮತ್ತು ಎಪಿಐ (ಬೇರೆ ಪ್ರೋಗ್ರಾಂಗಳು ಮಾಹಿತಿ ಪಡೆಯುವ ದಾರಿ) ಕೊಡುತ್ತದೆ, ತನ್ನ ಟೇಬಲ್‌ಗಳಿಗೆ ತನ್ನದೇ ಪೂರ್ವಪ್ರತ್ಯಯ ಇಟ್ಟುಕೊಳ್ಳುತ್ತದೆ. ಅದನ್ನು ಕಿತ್ತುಹಾಕಿದರೂ ನಿಮ್ಮ ಟೇಬಲ್ ನಿಮ್ಮದೇ. ಎರಡು ಕಾಲಂ ಸೇರಿ ಆಗುವ ಪ್ರೈಮರಿ ಕೀ ಅದಕ್ಕೆ ಆಗದು. 2023ರಲ್ಲಿ ಬಂದ 10ನೇ ಆವೃತ್ತಿಯಿಂದ ಲೈಸೆನ್ಸ್ ಬದಲಾಗಿದೆ, ಸಂಸ್ಥೆ ದೊಡ್ಡದಾದರೆ ಷರತ್ತು ಓದಿಕೊಳ್ಳಿ.

ಕನ್ನಡದಲ್ಲಿ ಮಾಹಿತಿ ತುಂಬುವವರಿಗೆ ಇನ್ನೂ ಕೆಲವು ಕಷ್ಟಗಳಿವೆ. ವರ್ಡ್‌ಪ್ರೆಸ್‌ನಲ್ಲಿ ಪುಟದ ವಿಳಾಸಕ್ಕೆ 200 ಅಕ್ಷರದ ಜಾಗ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಅಲ್ಲಿ 9 ಅಕ್ಷರವಾಗುತ್ತದೆ, ಹಾಗಾಗಿ 22 ಚಿಹ್ನೆಗೆ ಮುಗಿಯಿತು. ಒತ್ತು, ಗುಣಿತ ಎಲ್ಲ ಅದರಲ್ಲೇ ಲೆಕ್ಕ. ಹೆಸರಿನಿಂದ ವಿಳಾಸ ಮಾಡುವ ಜಾಂಗೊದ ಸ್ಲಗಿಫೈಗೆ ಯೂನಿಕೋಡ್ ಅನುಮತಿ ಕೊಟ್ಟರೂ ಅದು ಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ: ‘ಗ್ರಂಥಾಲಯ’ ಕೊಟ್ಟರೆ ‘ಗರಥಲಯ’ ಸಿಗುತ್ತದೆ. ಎರಡರಲ್ಲೂ ವಿಳಾಸಕ್ಕೆ ಐಡಿ ಸಂಖ್ಯೆ ಬಳಸುವುದೇ ಕ್ಷೇಮ. ‘ಸೂರ್ಯ’ ಎಂಬ ಹೆಸರನ್ನು ಒಬ್ಬರು ಕಾಣದ ಜೋಡಕ ಚಿಹ್ನೆ ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಹುಡುಕಾಟದಲ್ಲಿ ಅವರು ಇಬ್ಬರಾಗಿಬಿಡಬಹುದು. ಸೇವ್ ಆಗುವ ಮುನ್ನ ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ, ಹುಡುಕಲೆಂದೇ ಕಾಣದ ಚಿಹ್ನೆ ತೆಗೆದ ಇನ್ನೊಂದು ಕಾಲಂ ಇಡಿ. ‘೧೦’ ಎಂದು ಬರೆದದ್ದನ್ನು ಪೈಥಾನ್ 10 ಎಂದೇ ಓದುತ್ತದೆ, ವರ್ಡ್‌ಪ್ರೆಸ್, ಡ್ರೂಪಲ್‌ಗಳ ಭಾಷೆಯಾದ ಪಿಎಚ್‌ಪಿಯಲ್ಲಿ ಪೂರ್ಣಾಂಕಕ್ಕೆ ತಿರುಗಿಸಿದರೆ ಸೊನ್ನೆ ಬರುತ್ತದೆ.

ಹಳೆಯ ಪಟ್ಟಿಗಳು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿದ್ದರೆ ಬ್ರೌಸರ್‌ನಲ್ಲಿ ಅವು ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ತನ್ನಿ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಂದ ನೋಡಿ ತಿದ್ದಿ, ಎಕ್ಸೆಲ್‌ನಲ್ಲಿ ಯುಟಿಎಫ್-8 ಸಿಎಸ್‌ವಿಯಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿಯಾಗಿ) ಉಳಿಸಿ. ಹಾಗೆ ಉಳಿಸಿದ ಫೈಲಿನ ತಲೆಗೆ ಕಾಣದ ಗುರುತೊಂದು ಅಂಟಿರುತ್ತದೆ. ಪೈಥಾನ್‌ನಲ್ಲಿ ಬರಿ ಯುಟಿಎಫ್-8 ಎಂದು ತೆರೆದರೆ ಮೊದಲ ಕಾಲಂನ ಹೆಸರು ಹೊಂದುವುದಿಲ್ಲ, ‘ಯುಟಿಎಫ್-8-ಸಿಗ್’ ಎಂದು ತೆರೆಯಿರಿ. ಮೊದಲು ರೈತರು ಮತ್ತು ತಳಿಗಳು, ಆಮೇಲೆ ವಿತರಣೆ, ಕೊನೆಗೆ ವಾಪಸಾತಿ, ಈ ಕ್ರಮದಲ್ಲಿ ತುಂಬಿ. ಸಾಲುಗಳ ಎಣಿಕೆ, ತಳಿವಾರು ಕೆಜಿಯ ಮೊತ್ತ ಎರಡೂ ಹಳೆಯ ಪಟ್ಟಿಯೊಂದಿಗೆ ತಾಳೆಯಾದ ಮೇಲಷ್ಟೇ ಸಿಬ್ಬಂದಿಗೆ ಲಾಗಿನ್ ಕೊಡಿ.