ಎಐ ಏಜೆಂಟ್ ಬಗ್ ವರದಿ ಬರೆಯುವುದಾದರೆ

ಟಿಕೆಟ್ ಕಾಯ್ದಿರಿಸುವ ಆನ್‌ಲೈನ್ ಅರ್ಜಿಯಲ್ಲಿ ‘ಕೊನೆಯ ಹೆಸರು’ ಎಂಬ ಖಾನೆ ಕಡ್ಡಾಯವಾಗಿದ್ದರೆ, ಹೆಸರಿನ ಜೊತೆಗೆ ಇನಿಷಿಯಲ್ ಮಾತ್ರ ಇರುವ ನಮ್ಮಂಥವರು ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆಯುತ್ತೇವೆ, ಇಲ್ಲವೇ ಇದ್ದ ಒಂದೇ ಹೆಸರನ್ನು ಎರಡು ಸಲ ತುಂಬುತ್ತೇವೆ. ಅಷ್ಟಕ್ಕೇ ಸುಮ್ಮನಾಗದೆ ಅರ್ಜಿ ರೂಪಿಸಿದವರನ್ನು ಬೈದುಕೊಳ್ಳುತ್ತೇವೆ. ಕೆಲವರಾದರೂ ಸಹಾಯವಾಣಿಗೆ ಕರೆ ಮಾಡಿ ದೂರುತ್ತಾರೆ. ಅದೇ ಅರ್ಜಿಯನ್ನು ನಮ್ಮ ಪರವಾಗಿ ತುಂಬುವ ಎಐ ಏಜೆಂಟ್ ಆ ಖಾನೆಗೆ ಒಂದು ಚುಕ್ಕಿಯನ್ನೋ ತಾನೇ ಊಹಿಸಿದ ಹೆಸರನ್ನೋ ಹಾಕಿ ಮುಂದಿನ ಪುಟಕ್ಕೆ ಹೋಗಿಬಿಡಬಹುದು, ಕೊನೆಗೆ ‘ಕೆಲಸ ಮುಗಿಯಿತು’ ಎಂದು ತಿಳಿಸಲೂಬಹುದು. ಗುರುತಿನ ಚೀಟಿಯಲ್ಲಿರುವ ಹೆಸರಿಗೂ ಟಿಕೆಟಿನಲ್ಲಿರುವ ಹೆಸರಿಗೂ ತಾಳೆಯಾಗದಿರುವುದು ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅರ್ಜಿ ರೂಪಿಸಿದವರಿಗಂತೂ ಅದು ಗೊತ್ತೇ ಆಗುವುದಿಲ್ಲ.

ಏಜೆಂಟ್‌ಗಳು ತಾವು ಬಳಸುವ ಅರ್ಜಿ, ಪುಟ ಮುಂತಾದ ಇಂಟರ್‌ಫೇಸ್‌ಗಳ ದೋಷವನ್ನು (ಬಗ್) ವರದಿ ಮಾಡಲು ಪ್ರತ್ಯೇಕ ಸಾಧನವೊಂದು ಬೇಕೆಂದು ನಾನು ಭಾವಿಸುವುದು ಈ ಮೌನದ ಕಾರಣಕ್ಕೆ. ಮೊಜಿಲ್ಲಾದವರು 1998ರಲ್ಲಿ ಬಿಡುಗಡೆ ಮಾಡಿದ ಬಗ್‌ಜಿಲ್ಲಾದಂಥ ದೋಷ ದಾಖಲಿಸುವ ವ್ಯವಸ್ಥೆಗಳು, ಬೇಸತ್ತ ಮನುಷ್ಯನೊಬ್ಬ ಕುಳಿತು ವರದಿ ಬರೆಯುತ್ತಾನೆಂದು ನಂಬಿ ಹುಟ್ಟಿದವು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಮಾತಾದ, ‘ದೋಷದ ವಿವರ ಕಳುಹಿಸಲೇ’ ಎಂದು ಕೇಳುವ ಕಿಟಕಿ ಕಾಣಿಸಿಕೊಳ್ಳಲು ಪ್ರೋಗ್ರಾಂ ಕುಸಿದು ಬೀಳಬೇಕಿತ್ತು. ಏಜೆಂಟ್ ಎದುರಿಸುವ ತೊಡಕಿನಲ್ಲಿ ಬೇಸರಪಡುವ ಮನುಷ್ಯನೂ ಇಲ್ಲ, ಕುಸಿದ ಪ್ರೋಗ್ರಾಂ ಕೂಡ ಇಲ್ಲ.

ಒಂದು ತಂತ್ರಾಂಶ ಇನ್ನೊಂದರೊಡನೆ ನೇರವಾಗಿ ಮಾತಾಡುವ ಎಪಿಐ ಬಳಕೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೋರಿಕೆಯ ಜೊತೆ ತನಗೆ ಪರಿಚಯವಿಲ್ಲದ ಪ್ಯಾರಾಮೀಟರ್, ಅಂದರೆ ಷರತ್ತಿನ ಹೆಸರು, ಬಂದರೆ ಅದನ್ನು ಸದ್ದಿಲ್ಲದೆ ಕೈಬಿಡುವ ಎಪಿಐಗಳು ಬಹಳಷ್ಟಿವೆ. ಎಪಿಐ ಬಳಸುವ ಬಗೆ ತಿಳಿಸುವ ದಸ್ತಾವೇಜಿನಲ್ಲಿ ಒಂದು ಹೆಸರು, ಕೋಡಿನಲ್ಲಿ ಇನ್ನೊಂದು ಹೆಸರು ಇದ್ದರೆ, ಏಜೆಂಟ್ ದಸ್ತಾವೇಜನ್ನು ನಂಬಿ ಕಳುಹಿಸಿದ ಸೋಸುವ ನಿಯಮ ಅನ್ವಯವಾಗುವುದೇ ಇಲ್ಲ. ಉತ್ತರವಾಗಿ ಇಡೀ ಪಟ್ಟಿಯ ಮೊದಲ ಪುಟವು 200 ಎಂಬ ಯಶಸ್ಸಿನ ಸಂಕೇತದೊಡನೆ ಬರುತ್ತದೆ. ಏಜೆಂಟ್ ಅದರಲ್ಲೇ ತನಗೆ ಬೇಕಾದುದನ್ನು ಹುಡುಕಿ, ಸಿಗದಿದ್ದರೆ ‘ದಾಖಲೆ ಇಲ್ಲ’ ಎಂದು ತೀರ್ಮಾನಿಸಬಹುದು. ಸರ್ವರ್ ಲಾಗ್ ನೋಡುವ ಇಂಜಿನಿಯರ್‌ಗೆ ಕಾಣುವುದು ಯಶಸ್ವಿ ಕೋರಿಕೆ ಮಾತ್ರ. ವೆಬ್ ಸಂವಹನದ ನಿಯಮಾವಳಿಯಾದ ಎಚ್‌ಟಿಟಿಪಿಯಲ್ಲಿ ದೋಷದ ವಿವರವನ್ನು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ಕೊಡಲು 2023ರ ಆರ್‌ಎಫ್‌ಸಿ 9457 ಎಂಬ ಮಾನದಂಡವಿದೆ. ಆದರೆ ದೋಷವೇ ಆಗಿಲ್ಲವೆಂದು ಸರ್ವರ್ ನಂಬಿರುವಾಗ ಯಾವ ಮಾನದಂಡವೂ ನೆರವಿಗೆ ಬಾರದು.

ಎಐ ಕಂಪನಿಯಾದ ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಏಜೆಂಟ್‌ಗಳನ್ನು ಹೊರಗಿನ ತಂತ್ರಾಂಶಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ, ಅಂದರೆ ಎಂಸಿಪಿಯಲ್ಲಿ, ಏಜೆಂಟ್ ಬಳಸಬಹುದಾದ ಪ್ರತಿಯೊಂದು ಟೂಲ್‌ಗೂ (ಸಾಧನಕ್ಕೂ) ಒಂದು ಹೆಸರು, ವಿವರಣೆ ಮತ್ತು ಒಳಬರುವ ಮಾಹಿತಿ ಯಾವ ರೂಪದಲ್ಲಿರಬೇಕೆಂದು ಹೇಳುವ ಸ್ಕೀಮಾ ಇರುತ್ತವೆ. ಟೂಲ್ ವಿಫಲವಾದರೆ ಫಲಿತಾಂಶದಲ್ಲೇ ಹಾಗೆಂದು ಗುರುತು ಮಾಡಿ ಏಜೆಂಟ್‌ಗೆ ತಿಳಿಸಬಹುದು. ಇದು ಸರ್ವರ್‌ನಿಂದ ಏಜೆಂಟ್ ಕಡೆಗೆ ಹೋಗುವ ಸುದ್ದಿ. ‘ನಿಮ್ಮ ವಿವರಣೆ ಹೇಳುವುದೊಂದು, ಟೂಲ್ ಮಾಡುವುದೊಂದು’ ಎಂದು ಏಜೆಂಟ್ ಹಿಂದಿರುಗಿ ಹೇಳಬೇಕಾದರೆ, ಸರ್ವರ್ ಒದಗಿಸುವ ಟೂಲ್‌ಗಳ ಸಾಲಿಗೆ ದೋಷ ವರದಿಯದೂ ಒಂದು ಟೂಲ್ ಸೇರಿಸುವುದು ಸುಲಭದ ದಾರಿ. ಅದನ್ನು ಬರೆಯಲು ಒಂದು ಸಂಜೆ ಸಾಕು. ಕಷ್ಟವಿರುವುದು, ಆ ಟೂಲ್ ಏನನ್ನು ಕೇಳಬೇಕು ಎಂಬುದರಲ್ಲಿ.

ಇಲ್ಲಿ, ಅಂತರ್ಜಾಲದಲ್ಲಿ ಮಾಹಿತಿ ಸಾಗಿಸುವ ಮುಕ್ತ ತಂತ್ರಾಂಶವಾದ ಕರ್ಲ್ ಯೋಜನೆಯ ಅನುಭವವನ್ನು ಮರೆಯುವಂತಿಲ್ಲ. ಭದ್ರತಾ ದೋಷ ಹುಡುಕಿದವರಿಗೆ 2019ರಿಂದ ಬಹುಮಾನ ಕೊಡುತ್ತಿದ್ದ ಆ ಯೋಜನೆಗೆ, ಎಐ ಬರೆದ ಹುಸಿ ವರದಿಗಳು ರಾಶಿ ಬೀಳತೊಡಗಿದವು. ಅವುಗಳ ಸತ್ಯಾಸತ್ಯತೆ ಪರೀಕ್ಷಿಸುವುದರಲ್ಲೇ ಹೈರಾಣಾದ ಕರ್ಲ್ ರೂವಾರಿ ಡೇನಿಯಲ್ ಸ್ಟೆನ್‌ಬರ್ಗ್ ಮತ್ತು ಸಂಗಡಿಗರು 2026ರ ಜನವರಿ ಕೊನೆಗೆ ಬಹುಮಾನ ವ್ಯವಸ್ಥೆಯನ್ನೇ ನಿಲ್ಲಿಸಿದರು. ಆದ್ದರಿಂದ ವರದಿಯಲ್ಲಿ ಏಜೆಂಟ್‌ನ ಬರವಣಿಗೆಗೆ ಆದಷ್ಟು ಕಡಿಮೆ ಜಾಗ ಇರಬೇಕೆಂಬುದು ನನ್ನ ನಿಲುವು. ಕಳುಹಿಸಿದ ಕೋರಿಕೆ, ಬಂದ ಉತ್ತರ, ಸಮಯ, ಆವೃತ್ತಿ ಇವೆಲ್ಲವನ್ನೂ ಏಜೆಂಟ್‌ನ ಬಾಯಿಂದ ಕೇಳದೆ, ಅದನ್ನು ನಡೆಸುವ ತಂತ್ರಾಂಶವೇ ಯಥಾವತ್ತಾಗಿ ಸೆರೆಹಿಡಿಯಬೇಕು. ಏಜೆಂಟ್ ತಾನಾಗಿ ಹೇಳಬೇಕಾದದ್ದು, ಯಾವ ಸಾಲನ್ನು ನಂಬಿ ಏನನ್ನು ನಿರೀಕ್ಷಿಸಿದೆ, ನಿರೀಕ್ಷೆ ಹುಸಿಯಾದ ಮೇಲೆ ಯಾವ ಅಡ್ಡದಾರಿ ಹಿಡಿದೆ ಎಂಬುದನ್ನು ಮಾತ್ರ. ಎರಡನೆಯದೇ ನನಗೆ ಹೆಚ್ಚು ಮುಖ್ಯ: ಕೊನೆಯ ಹೆಸರಿನ ಖಾನೆಗೆ ಚುಕ್ಕಿ ಹಾಕಿದೆನೆಂಬ ಒಂದು ವಾಕ್ಯ, ಅರ್ಜಿ ರೂಪಿಸಿದವರಿಗೆ ಹತ್ತು ಪುಟದ ವಿಶ್ಲೇಷಣೆಗಿಂತ ಉಪಯುಕ್ತ.

ಸೆರೆಹಿಡಿದ ಕೋರಿಕೆಯನ್ನು ಪರೀಕ್ಷಾ ಸರ್ವರ್‌ನಲ್ಲಿ ತಾನಾಗಿ ಮತ್ತೊಮ್ಮೆ ಓಡಿಸಿ, ಅದೇ ಫಲಿತಾಂಶ ಬಂದರೆ ಮಾತ್ರ ದೂರಿನ ಕಡತ ತೆರೆಯುವಂತೆ ಮಾಡಿದರೆ ಹುಸಿ ವರದಿಗಳ ಬಹುಪಾಲು ಬಾಗಿಲಲ್ಲೇ ನಿಲ್ಲುತ್ತದೆ. ಒಂದೇ ದೋಷಕ್ಕೆ ಸಾವಿರ ಏಜೆಂಟ್‌ಗಳು ಸಾವಿರ ವರದಿ ಕಳುಹಿಸುವುದು ಖಚಿತವಾದ್ದರಿಂದ, ಟೂಲ್‌ನ ಹೆಸರು ಮತ್ತು ದೋಷದ ಸ್ವರೂಪ ನೋಡಿ ಅವನ್ನು ಒಂದುಗೂಡಿಸುವ ಏರ್ಪಾಡು ಮೊದಲ ದಿನದಿಂದಲೇ ಇರಬೇಕು. ಅಂದಹಾಗೆ, ಬ್ರೌಸರ್ ನಡೆಸುವ ಹಲವು ಏಜೆಂಟ್‌ಗಳು ಪುಟವನ್ನು ಓದುವುದು, ಅಂಧರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು ಬಳಸುವ ಆಕ್ಸೆಸಿಬಿಲಿಟಿ ಟ್ರೀ, ಅಂದರೆ ಪುಟದ ಬಟನ್, ಖಾನೆಗಳ ಹೆಸರುಪಟ್ಟಿಯ ಮೂಲಕವೇ. ಹೆಸರಿಲ್ಲದ ಬಟನ್ ಬಗ್ಗೆ ಏಜೆಂಟ್ ದೂರಿದರೆ ಅಂಧ ಬಳಕೆದಾರರ ಹಳೆಯ ದೂರಿಗೂ ಅದರಿಂದ ಬಲ ಬಂದೀತು.

ಅಪಾಯಗಳೂ ಇಲ್ಲದಿಲ್ಲ. ವರದಿಯ ಪಠ್ಯದೊಳಗೆ ಯಾರಾದರೂ ಆದೇಶಗಳನ್ನು ಅಡಗಿಸಿಟ್ಟರೆ, ವರದಿಗಳನ್ನು ವಿಂಗಡಿಸುವ ಇನ್ನೊಂದು ಎಐ ಅವನ್ನು ಪಾಲಿಸಿಬಿಡಬಹುದು; ಆದ್ದರಿಂದ ಆ ಪಠ್ಯವನ್ನು ಅಪರಿಚಿತರ ಪತ್ರದಂತೆ ಅನುಮಾನದಿಂದಲೇ ಓದಬೇಕು. ಕೋರಿಕೆಯಲ್ಲಿರುವ ಟೋಕನ್ (ಪ್ರವೇಶದ ಗುಪ್ತ ಸಂಕೇತ), ಫೋನ್ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ಬಳಕೆದಾರನ ಕಂಪ್ಯೂಟರ್ ಬಿಡುವ ಮೊದಲೇ ಅಳಿಸಬೇಕು. ಪ್ರತಿ ವರದಿಗೂ ಅನುಮತಿ ಕೇಳಿದರೆ ಜನರು ಓದದೆ ‘ಸರಿ’ ಒತ್ತುತ್ತಾರೆಂಬ ವಾದವಿದೆ, ಅದು ನಿಜವೂ ಹೌದು. ಆದರೂ ಮೊದಲ ವರದಿ ಹೋಗುವ ಮುನ್ನ ಅದರ ಪೂರ್ಣ ಪಾಠವನ್ನು ಬಳಕೆದಾರನ ಮುಂದಿಟ್ಟು ಒಪ್ಪಿಗೆ ಪಡೆಯಬೇಕು, ಆಮೇಲೆ ಹೋದ ಪ್ರತಿಯೊಂದು ವರದಿಯ ನಕಲೂ ಅವನ ಬಳಿಯೇ ಉಳಿಯಬೇಕು.