ಡಯಾಲಿಸಿಸ್ ಮತ್ತು ದುಡಿ

ಶುಕ್ರವಾರವಾದರೆ ಹಾಡುತ್ತೇನೆ, ಸೋಮವಾರ ಮಾತ್ರ ಬೇಡ. ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ನಾನು ಮೊದಲು ಹೇಳುವ ಮಾತು ಇದು. ಕೇಳಿದವರು ಯಾವುದೋ ಜ್ಯೋತಿಷಿ ಹೇಳಿರಬೇಕು ಅಂದುಕೊಳ್ಳುತ್ತಾರೆ. ಜ್ಯೋತಿಷಿ ಅಲ್ಲ, ಕಿಡ್ನಿ. ಮಂಗಳವಾರ, ಗುರುವಾರ, ಶನಿವಾರ ಮಡಿಕೇರಿಯಲ್ಲಿ ನನಗೆ ಡಯಾಲಿಸಿಸ್. ಪ್ರತಿ ಸಲವೂ ನಾಲ್ಕು ಗಂಟೆ. ಶನಿವಾರ ಮುಗಿದರೆ ಮುಂದಿನದು ಮಂಗಳವಾರವೇ. ಆ ನಡುವೆ ಮೈಯಲ್ಲಿ ನೀರು ಸೇರುತ್ತಾ ಹೋಗುತ್ತದೆ. ಸೋಮವಾರ ಸಂಜೆ ಹೊತ್ತಿಗೆ ಉಸಿರು ಕುತ್ತಿಗೆಯಿಂದ ಕೆಳಗೆ ಇಳಿಯುವುದೇ ಇಲ್ಲ. ಡಯಾಲಿಸಿಸ್ ಆದ ದಿನದ ಕಷ್ಟ ಬೇರೆ. ಗಂಟಲು ಒಣಗಿರುತ್ತದೆ, ಮನೆಗೆ ಬಂದು ಮಲಗಿದರೆ ಸಾಕು ಅನ್ನಿಸುತ್ತದೆ. ಹಾಗಾಗಿ ಬುಧವಾರ, ಶುಕ್ರವಾರ, ಭಾನುವಾರ ನಾನು ಗಾಯಕ. ನಮ್ಮಲ್ಲಿ ಮದುವೆಗಳು ಭಾನುವಾರ ಜಾಸ್ತಿ. ಅದು ನನ್ನ ಪುಣ್ಯ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಮನೆಯಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಶಾಲೆಯಲ್ಲಿ ಕನ್ನಡ. ಎರಡನ್ನೂ ಬರೆದದ್ದು ಒಂದೇ ಲಿಪಿಯಲ್ಲಿ, ಒಂದೇ ನೋಟ್‌ಬುಕ್‌ನಲ್ಲಿ. ಅಪ್ಪ ದುಡಿ ಹಿಡಿದು ಹಾಡುತ್ತಿದ್ದರು. ದುಡಿ ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ನಮ್ಮ ಪುಟ್ಟ ವಾದ್ಯ. ಸುಗ್ಗಿ ಹಬ್ಬ ಹುತ್ತರಿ ಬಂದರೆ ರಾತ್ರಿ ಮನೆಮನೆಗೆ ಹೋಗಿ ಹಾಡುವ ತಂಡದಲ್ಲಿ ಅವರು ಇರಲೇಬೇಕು. ನನಗೆ ಆಗ ಅದೆಲ್ಲ ಹಳೇ ಕಾಲದ್ದು ಅನ್ನಿಸುತ್ತಿತ್ತು. ನಾಲ್ಕು ಜನ ಸೇರಿ ಹಾಡಿದರೆ ನನ್ನ ಧ್ವನಿ ಯಾವುದು ಅಂತ ಯಾರಿಗೆ ಗೊತ್ತಾಗಬೇಕು? ನನಗೆ ಬೇಕಾಗಿದ್ದು ಒಂದು ಮೈಕು, ಒಂದು ಹಾರ್ಮೋನಿಯಂ, ನಾನೊಬ್ಬನೇ.

ಮೊದಲು ಕೊಡವದಲ್ಲೇ ಹಾಡು ಕಟ್ಟಿದೆ. ಮಡಿಕೇರಿ ಆಕಾಶವಾಣಿಯಲ್ಲಿ ಹಾಡಿದೆ. ಊರಿನವರು ಖುಷಿಪಟ್ಟರು. ಆದರೆ 2011ರ ಜನಗಣತಿಯಲ್ಲಿ ಕೂಡ ಕೊಡವ ನನ್ನ ತಾಯಿನುಡಿ ಅಂದವರು ಸುಮಾರು 1.13 ಲಕ್ಷ. ಅದಕ್ಕೂ ಮೊದಲಿನ ಕ್ಯಾಸೆಟ್ ಕಾಲದಲ್ಲಿ ಆ ಲೆಕ್ಕ ನಂಬಿ ದುಡ್ಡು ಹಾಕುವವರು ಯಾರು? ಕ್ಯಾಸೆಟ್ ಅಂಗಡಿಯವರು ನೇರವಾಗಿಯೇ ಹೇಳಿದರು: ಕನ್ನಡದಲ್ಲಿ ಮಾಡಿ, ಮೈಸೂರಿನಲ್ಲೂ ಮಾರಬಹುದು. ಸರಿ, ಕನ್ನಡದಲ್ಲಿ ಬರೆದೆ. ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ, ಮದುವೆ ಆರ್ಕೆಸ್ಟ್ರಾ, ಗಣೇಶೋತ್ಸವ. ನನ್ನ ಶ್ರುತಿ ಆಗ ಹಾರ್ಮೋನಿಯಂನ ಎರಡನೇ ಬಿಳಿ ಮನೆ. ಉದ್ದುದ್ದ ಸಾಲು ಬರೆಯುವ ಚಟ ಹತ್ತಿತು. ಚರಣದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳದೆ ಪಲ್ಲವಿಗೆ ಜಾರಿದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಚಪ್ಪಾಳೆಗೆಂದೇ ಹಾಗೆ ಬರೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ಜಾಗದಲ್ಲೇ ರೋಗ ಮೊದಲು ಕಾಣಿಸಿಕೊಂಡಿತು. ಚರಣದ ಕೊನೆಗೆ ಉಸಿರು ಸಾಲುತ್ತಿರಲಿಲ್ಲ. ಗಂಟಲು ಕೆಟ್ಟಿರಬೇಕು ಅಂತ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋದೆ. ಅವರು ಟಾರ್ಚ್ ಹಾಕಿ ನೋಡಿ, ಗಂಟಲು ಚೆನ್ನಾಗಿಯೇ ಇದೆ ಅಂದರು. ಆಮೇಲೆ ನನ್ನ ಚಪ್ಪಲಿ ಕಡೆ ನೋಡಿದರು. ಪಟ್ಟಿ ಒತ್ತಿದ ಕಡೆ ಪಾದ ಗುಂಡಿ ಬಿದ್ದಿತ್ತು. ಬಿಪಿ ನೋಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯೇಟಿನಿನ್ ಅನ್ನುವ ಹೆಸರು ನಾನು ಕೇಳಿದ್ದು ಅವತ್ತೇ. ಬಿಪಿ ಮತ್ತು ಸಕ್ಕರೆ ಕಾಯಿಲೆ, ಕಿಡ್ನಿ ಹಾಳು ಮಾಡುವುದರಲ್ಲಿ ಇವೆರಡೂ ಮುಂದು. ನನ್ನದು ಬಿಪಿ ಲೆಕ್ಕ.

ಉಸಿರು ಸಾಲದ್ದಕ್ಕೆ ಕಾರಣ ಬರೀ ನೀರಲ್ಲ ಅಂತ ಆಮೇಲೆ ತಿಳಿಯಿತು. ರಕ್ತ ತಯಾರು ಮಾಡು ಅಂತ ಮೂಳೆಗೆ ಸೂಚನೆ ಕೊಡುವ ಹಾರ್ಮೋನ್ ಬರುವುದು ಕಿಡ್ನಿಯಿಂದ. ಕಿಡ್ನಿ ಮಲಗಿದರೆ ಅದೂ ಕಮ್ಮಿ, ಹಿಮೋಗ್ಲೋಬಿನ್ ಇಳಿಯುತ್ತದೆ. ಮೆಟ್ಟಿಲು ಹತ್ತುವವನಿಗೆ ಅದು ಮೆಟ್ಟಿಲಲ್ಲಿ ಗೊತ್ತಾಗುತ್ತದೆ, ಹಾಡುವವನಿಗೆ ಚರಣದಲ್ಲಿ. ಈಗ ಅದಕ್ಕೊಂದು ಇಂಜೆಕ್ಷನ್ ಇದೆ.

ಡಯಾಲಿಸಿಸ್ ಸೂಜಿ ಹಾಕಲು ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಅಂದರೆ ಶುದ್ಧ ರಕ್ತದ ನಾಳವನ್ನು ಪಕ್ಕದ ಸಿರೆಗೆ ಜೋಡಿಸುವುದು. ಸಿರೆ ದಪ್ಪವಾಗಿ ಸೂಜಿ ತಡೆಯುವಷ್ಟು ಗಟ್ಟಿಯಾಗಲು ಕೆಲವು ವಾರ ಬೇಕು. ಆ ಕೈಗೆ ವಾಚ್ ಕಟ್ಟಬಾರದು, ಅದರ ಮೇಲೆ ಮಲಗಬಾರದು, ಆ ಕೈಯಲ್ಲಿ ಬಿಪಿ ನೋಡಿಸಿಕೊಳ್ಳಬಾರದು, ಭಾರ ಎತ್ತಬಾರದು. ಹಾರ್ಮೋನಿಯಂ ತಿದಿ ಒತ್ತುವುದು ಎಡಗೈ ಅಲ್ವಾ? ಅಲ್ಲಿಗೆ ಪೆಟ್ಟಿಗೆ ಮುಚ್ಚಿದೆ. ದಿನಾ ಬೆಳಿಗ್ಗೆ ಆ ಜಾಗದಲ್ಲಿ ಬೆರಳಿಟ್ಟು ನೋಡಬೇಕು, ಒಳಗೆ ಜುಮ್ಮೆನ್ನುವುದು ನಿಂತರೆ ತಕ್ಷಣ ಓಡಿ ಬನ್ನಿ ಅಂತ ನರ್ಸ್ ಹೇಳಿದ್ದರು. ಬೆಕ್ಕು ಗುರುಗುಟ್ಟಿದ ಹಾಗೆ ಅದು ನಿಲ್ಲದೆ ನಡುಗುತ್ತದೆ. ಒಂದು ದಿನ ನರ್ಸ್ ಹತ್ತಿರ ಸ್ಟೆತಾಸ್ಕೋಪ್ ಕೇಳಿ ಕಿವಿಗಿಟ್ಟುಕೊಂಡೆ. ತಾಳ ಇದೆ, ಶ್ರುತಿ ಹಿಡಿಯಲಾಗಲಿಲ್ಲ. "ಸರ್, ಇದಕ್ಕೂ ಹಾಡು ಕಟ್ಟಬೇಡಿ" ಅಂದರು ಅವರು.

ನೀರಿನ ಲೆಕ್ಕ ಎಲ್ಲಕ್ಕಿಂತ ಕಷ್ಟ. ನನಗೆ ದಿನಕ್ಕೆ ಒಂದು ಲೀಟರ್. ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ. ಜುಲೈ ತಿಂಗಳ ಮಳೆಯಲ್ಲಿ ನಾಪೋಕ್ಲುವಿನಲ್ಲಿ ಕೂತು ಕಾಫಿಗೆ ಲೆಕ್ಕ ಇಡುವುದು ಏನು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೊಟ್ಯಾಸಿಯಂ ಜಾಸ್ತಿ ಅಂತ ಕಿತ್ತಳೆ, ಬಾಳೆಹಣ್ಣು, ಎಳನೀರು ಬಂದ್. ತೋಟದಲ್ಲಿ ಕಿತ್ತಳೆ ಹಣ್ಣಾಗಿ ನಿಂತಿರುತ್ತದೆ, ನಾನು ಮೂಸಿ ನೋಡಿ ಮೊಮ್ಮಗಳಿಗೆ ಕೊಡುತ್ತೇನೆ. ತರಕಾರಿ ಹೆಚ್ಚಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಬೇಕು. ಪಂದಿ ಕರಿ (ಹಂದಿ ಮಾಂಸದ ಸಾರು) ಒಂದೆರಡು ತುಂಡು, ಉಪ್ಪು ಕಮ್ಮಿ. ಬಾಯಾರಿದರೆ ಐಸ್ ತುಂಡು ಚೀಪಿ ಅನ್ನುತ್ತಾರೆ. ಜೀವಮಾನವಿಡೀ ಗಂಟಲು ಕೆಡುತ್ತದೆ ಅಂತ ಐಸ್ ಮುಟ್ಟದವನು ನಾನು!

ಮಳೆಗಾಲಕ್ಕೆ ಬ್ಯಾಗ್ ಕಟ್ಟಿಯೇ ಇಡುತ್ತೇವೆ. ಕಾವೇರಿ ಉಕ್ಕಿದರೆ ಮೂರ್ನಾಡು ರಸ್ತೆಯಲ್ಲಿ ಬೊಳಿಬಾಣೆ ಹತ್ತಿರ ನೀರು ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿ ಬಂದದ್ದನ್ನು ನೋಡಿದ ಮೇಲೆ ಯಾರೂ ಧೈರ್ಯ ಮಾಡುವುದಿಲ್ಲ. ನದಿ ಏರಿತು ಅಂತ ಗೊತ್ತಾದರೆ ಮೊದಲೇ ಮಡಿಕೇರಿಯ ತಂಗಿ ಮನೆಗೆ ಹೋಗಿಬಿಡುತ್ತೇನೆ. ಒಂದು ಡಯಾಲಿಸಿಸ್ ತಪ್ಪಿದರೆ ರಾತ್ರಿ ಕೂತೇ ನಿದ್ದೆ ಮಾಡಬೇಕು.

ಕಳೆದ ವರ್ಷ ಒಂದು ಸಮಾರಂಭಕ್ಕೆ ಕರೆದರು. ಭಾನುವಾರ, ಆರಾಮಾಗಿದ್ದೆ, ಎರಡು ಹಾಡು ತಯಾರು ಮಾಡಿಕೊಂಡು ಹೋದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ನನ್ನ ಬಗ್ಗೆ ಮೂವರು ಮಾತಾಡಿದರು. ಎಲ್ಲವೂ 'ಹಾಡಿದ್ದರು', 'ಬರೆದಿದ್ದರು' ಅಂತಲೇ. ಹಾಡಲು ಯಾರೂ ಹೇಳಲಿಲ್ಲ. ಪಾಪ, ಸುಸ್ತಾಗುತ್ತದೆ ಅಂತ ಇರಬಹುದು. ಬುಟ್ಟಿಯಲ್ಲಿ ಬಾಳೆಹಣ್ಣು ಮತ್ತು ಕಿತ್ತಳೆ. ಹೆಂಡತಿ ದಾರಿಯುದ್ದಕ್ಕೂ ನಕ್ಕಳು.

ನನ್ನ ಹಳೆಯ ಕನ್ನಡ ಹಾಡುಗಳನ್ನು ಈಗ ನಾನೇ ಹಾಡಲಾರೆ. ಶ್ರುತಿ ಒಂದನೇ ಬಿಳಿಗೆ ಇಳಿಸಿದರೂ ಆ ಸಾಲುಗಳು ಮುಗಿಯುವುದಿಲ್ಲ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಹಾಡುತ್ತಾಳೆ, ನನಗಿಂತ ಚೆನ್ನಾಗಿಯೇ. ನನಗೆ ಏನು ಉಳಿಯಿತು ಅಂತ ಕೂತಿದ್ದಾಗ ದೊಡ್ಡಪ್ಪನ ಮಗ ಅಣ್ಣ ಬಂದ. ಅವನು ನಮ್ಮ ಒಕ್ಕದ, ಅಂದರೆ ನಮ್ಮ ಮನೆತನದ, ದುಡಿ ತಂಡದವನು. "ಒಬ್ಬನೇ ಯಾಕೆ ಒದ್ದಾಡುತ್ತೀಯ? ಹಿಂದಿನ ಜೋಡಿಯಲ್ಲಿ ಕೂತ್ಕೋ" ಅಂದ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕೊಡವ ದುಡಿಪಾಟಿನಲ್ಲಿ ನಾಲ್ವರು, ಎರಡು ಜೋಡಿ. ಮೊದಲ ಜೋಡಿ ಒಂದು ಸಾಲು ಹಾಡಿದರೆ ಎರಡನೇ ಜೋಡಿ ಎತ್ತಿಕೊಳ್ಳುತ್ತದೆ. ಅವರು ಹಾಡುವಾಗ ಇವರಿಗೆ ಬಿಡುವು. ಕೈಯಲ್ಲಿ ದುಡಿ ನಡೆಯುತ್ತಿರುತ್ತದೆ, ಬಾಯಿ ಸುಮ್ನೆ. ಸಾಲುಗಳು ಗಿಡ್ಡ. ಹೀಗೆ ರಾತ್ರಿಯಿಡೀ ಹಾಡಬಹುದು, ಅಪ್ಪ ಹಾಡಿದ್ದೂ ಹೀಗೇ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಪಟ್ಟೋಲೆ ಪಳಮೆ ಅನ್ನುವ ಕೊಡವ ಜನಪದ ಹಾಡುಗಳ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಉದ್ದುದ್ದ ಹಾಡುಗಳನ್ನು ಒಬ್ಬನೇ ಹಾಡಿ ಮುಗಿಸುತ್ತೇನೆ ಅಂದರೆ ಎರಡು ಕಿಡ್ನಿ ಸರಿ ಇದ್ದವನಿಗೂ ಕಷ್ಟ. ದುಡಿ ಹಗುರ, ಎಡಗೈಗೆ ಭಾರವಿಲ್ಲ. ಫಿಸ್ಟುಲಾ ಕೈಗೆ ವ್ಯಾಯಾಮ ಅಂತ ಆಸ್ಪತ್ರೆಯಲ್ಲಿ ಒಂದು ಸ್ಪಂಜ್ ಚೆಂಡು ಕೊಟ್ಟಿದ್ದರು. ಅದರ ಬದಲು ಈಗ ಇದನ್ನೇ ಹಿಡಿಯುತ್ತೇನೆ.

ಹೋದ ಹುತ್ತರಿಗೆ ಅಣ್ಣನ ಜೊತೆ ಮೂರು ಮನೆಗೆ ಹೋಗಿ ಹಾಡಿದೆ. ನನ್ನ ಧ್ವನಿ ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ನನಗೂ ಸರಿಯಾಗಿ ಕೇಳಿಸಲಿಲ್ಲ, ಬೇಜಾರೂ ಆಗಲಿಲ್ಲ.

ಆಮೇಲೆ ಕನ್ನಡದಲ್ಲೂ ಹಾಗೇ ಕಟ್ಟಲು ಶುರು ಮಾಡಿದೆ. ತಾಳದ ಎಂಟು ಮಾತ್ರೆಗೆ ಒಂದು ಸಾಲು ಮುಗಿಯಬೇಕು, ಮುಗಿದ ಜಾಗದಲ್ಲಿ ಬೇರೆಯವರು ಎತ್ತಿಕೊಳ್ಳಬೇಕು. ಡಯಾಲಿಸಿಸ್ ಹಾಸಿಗೆಯಲ್ಲಿ ಬಲಗೈ ಖಾಲಿ ಇರುತ್ತದೆ, ಫೋನ್‌ನಲ್ಲಿ ಟೈಪ್ ಮಾಡುತ್ತೇನೆ. ಎರಡು ಕನ್ನಡ, ಮೂರು ಕೊಡವ ಹಾಡು ಹೀಗೆ ಆಗಿವೆ. ಕನ್ನಡದವು ಇನ್ನೂ ಸ್ವಲ್ಪ ಎಡವುತ್ತವೆ. ಬೇರೆ ಕಿಡ್ನಿಗೆ ಜೀವಸಾರ್ಥಕತೆಯಲ್ಲಿ, ಅಂದರೆ ರಾಜ್ಯದ ಅಂಗಾಂಗ ದಾನದ ಸಂಸ್ಥೆಯಲ್ಲಿ, ಹೆಸರು ಬರೆಸಿದ್ದೇವೆ. ಆ ಪಟ್ಟಿ ನಿಧಾನ, ಅದಕ್ಕಾಗಿ ಹಾಡು ನಿಲ್ಲಿಸಿ ಕೂರಲಾಗುವುದಿಲ್ಲ.

ಈಗಿನ ತೊಂದರೆ ಬೇರೆ. ನಮ್ಮ ನಾಲ್ವರಲ್ಲಿ ಒಬ್ಬರು ಮಗನ ಜೊತೆ ಇರಲು ಬೆಂಗಳೂರಿಗೆ ಹೋದರು. ಎರಡನೇ ಜೋಡಿಯಲ್ಲಿ ನನ್ನ ಪಕ್ಕ ಜಾಗ ಖಾಲಿ. ನಾಪೋಕ್ಲು, ಕಕ್ಕಬ್ಬೆ, ಮೂರ್ನಾಡು ಕಡೆಯವರು ಯಾರಾದರೂ ಇದ್ದರೆ ಹೇಳಿ. ದುಡಿ ಬಾರದಿದ್ದರೂ ನಡೆಯುತ್ತದೆ, ಕಲಿಸುತ್ತೇವೆ. ಬುಧವಾರ, ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಅಭ್ಯಾಸ. ಕಾಫಿ ಸಿಗುತ್ತದೆ, ನನ್ನ ಪಾಲಿನದೂ ನಿಮಗೇ.