ಫೆಸೆಂಟ್ ಬೇಟೆಗೆ ಯಾವ ಚೋಕ್? ಮೊದಲು ದೂರ ಅಳೆಯಿರಿ

ಫೆಸೆಂಟ್‌ಗೆ ಯಾವ ಚೋಕ್ (ಕೋವಿ ನಳಿಗೆಯ ಬಾಯಿ ಕಿರಿದು ಮಾಡುವ ಭಾಗ) ಹಾಕಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನೀವು ಹಕ್ಕಿಗೆ ಎಷ್ಟು ದೂರದಿಂದ ಹೊಡೆಯುತ್ತೀರಿ? ಬಹಳ ಜನ 40 ಗಜ ಎನ್ನುತ್ತಾರೆ. ಹೆಜ್ಜೆ ಹಾಕಿ ಅಳೆದು ನೋಡಿದರೆ 25 ದಾಟುವುದೇ ಕಷ್ಟ. ಫೆಸೆಂಟ್ ಹುಂಜ, ಅಂದರೆ ಕಾಡುಕೋಳಿಯಂಥ ಆ ಉದ್ದ ಬಾಲದ ಹಕ್ಕಿಯ ಗಂಡು, ಕಾಲಬುಡದಿಂದ ಗಲಾಟೆ ಮಾಡುತ್ತ ಮೇಲೆದ್ದಾಗ ಎದೆ ಧಸಕ್ಕೆನ್ನುತ್ತದೆ, ಇನ್ನೇನು ಕೈತಪ್ಪಿ ಹೋಯಿತು ಅನಿಸುತ್ತದೆ. ಆ ಗಾಬರಿಯಲ್ಲಿ ದೂರವೂ ಜಾಸ್ತಿ ಕಾಣುತ್ತದೆ.

ನಾನು ಬೇಟೆಯಾಡುವುದು ನಾಯಿಯ ಹಿಂದೆ ನಡೆದುಕೊಂಡು. ನಮ್ಮದು ಸ್ಪ್ರಿಂಗರ್ ಸ್ಪ್ಯಾನಿಯಲ್. ವಾಸನೆ ಸಿಕ್ಕ ಕೂಡಲೇ ಕಲ್ಲಿನಂತೆ ನಿಲ್ಲುವ ಜಾತಿಯಲ್ಲ, ಹುಲ್ಲಿಗೆ ನುಗ್ಗಿ ಹಕ್ಕಿ ಎಬ್ಬಿಸುವ ಜಾತಿ. ನನ್ನಿಂದ 20 ಗಜದೊಳಗೇ ಓಡಾಡಿಕೊಂಡಿರುತ್ತದೆ. ಹಕ್ಕಿ ಎದ್ದು, ಅದು ಹುಂಜವೇ ಎಂದು ನೋಡಿಕೊಂಡು (ಹಲವು ಕಡೆ ಹೇಂಟೆಗೆ ಹೊಡೆಯುವಂತಿಲ್ಲ), ಕೋವಿ ಹೆಗಲಿಗೆ ಬರುವಷ್ಟರಲ್ಲಿ 25ರಿಂದ 30 ಗಜ ಆಗಿರುತ್ತದೆ. ಈ ದೂರಕ್ಕೆ ಇಂಪ್ರೂವ್ಡ್ ಸಿಲಿಂಡರ್ ಎಂಬ ಸಡಿಲ ಚೋಕ್ ಸಾಕು. ಸಾಕು ಅಂತಲ್ಲ, ಅದೇ ಸರಿ.

ತೀರಾ ಬಿಗಿಯಾದ ಫುಲ್ ಚೋಕ್ ಹಾಕಿದರೆ ಏಟು ಬಲವಾಗುತ್ತದೆ ಎಂದು ನಂಬಿದವರು ಸಾಕಷ್ಟಿದ್ದಾರೆ. ಚೋಕ್ ಚರೆಗೆ (ತೋಟಾದೊಳಗಿನ ಸಣ್ಣ ಗುಂಡುಗಳಿಗೆ) ಬಲ ಕೊಡುವುದಿಲ್ಲ. ಚರೆ ಎಷ್ಟು ಹರಡಬೇಕು ಎನ್ನುವುದಷ್ಟೇ ಅದರ ಕೆಲಸ. 12 ಬೋರ್ ನಳಿಗೆಯ ಒಳವ್ಯಾಸ 0.729 ಇಂಚು. ಇಂಪ್ರೂವ್ಡ್ ಸಿಲಿಂಡರ್ ಬಾಯಿಯನ್ನು ಸುಮಾರು 0.010 ಇಂಚು ಕಿರಿದು ಮಾಡುತ್ತದೆ, ಮಾಡಿಫೈಡ್ 0.020, ಫುಲ್ 0.035ರ ಆಸುಪಾಸು. ಎಲ್ಲ ಕೂದಲೆಳೆಯ ಲೆಕ್ಕ. ಆದರೆ 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಬೀಳುವ ಚರೆ ಕ್ರಮವಾಗಿ ಶೇ. 50, 60, 70ರಷ್ಟಾಗುತ್ತದೆ. 20 ಗಜದಲ್ಲಿ ಫುಲ್ ಚೋಕ್‌ನಿಂದ ಹೊಡೆದರೆ ಎರಡೇ ದಾರಿ: ಗುರಿ ತಪ್ಪುತ್ತದೆ, ಇಲ್ಲವೇ ತಿನ್ನಲು ಮಾಂಸ ಉಳಿಯುವುದಿಲ್ಲ.

ಇವು ಪುಸ್ತಕದ ಅಂಕಿ. ನಿಮ್ಮ ಕೋವಿ ಪುಸ್ತಕ ಓದಿರುವುದಿಲ್ಲ ಅಲ್ವಾ? ಒಂದೇ ಚೋಕ್‌ನಲ್ಲಿ ಒಂದು ಕಂಪನಿಯ ತೋಟಾ ಚೆನ್ನಾಗಿ ಹರಡುತ್ತದೆ, ಇನ್ನೊಂದರದ್ದು ಒಂದು ಮೂಲೆಯಲ್ಲಿ ಗುಂಪು ಕಟ್ಟುತ್ತದೆ. ಅದಕ್ಕೇ ದೊಡ್ಡ ಕಾಗದ ಕಟ್ಟಿ ಹೊಡೆದು ನೋಡಬೇಕು. 40 ಗಜದಲ್ಲಿ ಅಲ್ಲ, ನೀವು ನಿಜವಾಗಿ ಹಕ್ಕಿ ಹೊಡೆಯುವ ದೂರದಲ್ಲಿ. ಚರೆ ದಟ್ಟವಾಗಿ ಬಿದ್ದ ಜಾಗದ ಸುತ್ತ 30 ಇಂಚಿನ ವೃತ್ತ ಎಳೆಯಿರಿ. ನಾನು ಶೇಕಡಾ ಲೆಕ್ಕಕ್ಕಿಂತ ಖಾಲಿ ಜಾಗಗಳನ್ನು ನೋಡುತ್ತೇನೆ. ಹಕ್ಕಿಯ ತಲೆ, ಎದೆ ಸೇರಿದಷ್ಟು ದೊಡ್ಡ ಕಿಂಡಿ ಎಲ್ಲಾದರೂ ಇದ್ದರೆ ಆ ಚೋಕ್ ಮತ್ತು ತೋಟಾದ ಜೋಡಿ ಬೇಡ. ಒಂದೇ ಈಡು ನೋಡಿ ತೀರ್ಮಾನಿಸಬೇಡಿ, ಪ್ರತಿ ಜೋಡಿಗೂ ನಾಲ್ಕೈದು ಕಾಗದ ಖರ್ಚು ಮಾಡಿ. ಬೇಜಾರಿನ ಕೆಲಸ, ಹೆಗಲೂ ನೋಯುತ್ತದೆ. ಆದರೂ ಮಾಡಿ.

ತಲೆ, ಎದೆ ಎಂದದ್ದಕ್ಕೆ ಕಾರಣವಿದೆ. ಹುಂಜದ ಉದ್ದದಲ್ಲಿ ಸುಮಾರು ಅರ್ಧ ಬರೀ ಬಾಲ. ಕಣ್ಣು ಇಡೀ ಹಕ್ಕಿಯನ್ನು ನೋಡುತ್ತದೆ, ಚರೆ ಹಿಂದೆ ಬೀಳುತ್ತದೆ, ಒಂದೆರಡು ಪುಕ್ಕ ಉದುರುತ್ತದೆ. ಆಮೇಲೆ ಬೈಸಿಕೊಳ್ಳುವುದು ಚೋಕ್! ಕತ್ತಿನ ಬಿಳಿ ಪಟ್ಟಿ ನೋಡಿ ಹೊಡೆಯಿರಿ.

ಚರೆ ಯಾವುದು ಎನ್ನುವುದೂ ಇಲ್ಲಿ ಸೇರುತ್ತದೆ. ಸೀಸವಾದರೆ 5 ನಂಬರ್ ನನಗಿಷ್ಟ. 1¼ ಔನ್ಸ್ ತೋಟಾದಲ್ಲಿ ಸುಮಾರು 210 ಚರೆ ಇರುತ್ತದೆ. ಉಕ್ಕಿನ ಚರೆಯಾದರೆ ಲೆಕ್ಕ ಬೇರೆ. ಅದು ಗಟ್ಟಿ, ನಳಿಗೆಯಲ್ಲಿ ಚಪ್ಪಟೆಯಾಗುವುದಿಲ್ಲ, ಹಾಗಾಗಿ ಗುಂಪಾಗಿಯೇ ಹೋಗುತ್ತದೆ. ಸೀಸಕ್ಕೆ ಮಾಡಿಫೈಡ್ ಹಾಕುವ ಕಡೆ ಉಕ್ಕಿಗೆ ಇಂಪ್ರೂವ್ಡ್ ಸಿಲಿಂಡರ್ ಹಾಕಿ. ಉಕ್ಕು ಹಗುರ ಆದ್ದರಿಂದ ಚರೆ ದೊಡ್ಡದು ಬೇಕು, 3 ಅಥವಾ 2 ನಂಬರ್ (ನಂಬರ್ ಕಡಿಮೆಯಾದಷ್ಟೂ ಚರೆ ದೊಡ್ಡದು). ಹಳೆಯ ಕಾಲದ ಫುಲ್ ಚೋಕ್ ನಳಿಗೆಯಲ್ಲಿ ಉಕ್ಕು ಹೊಡೆಯಲೇಬೇಡಿ, ನಳಿಗೆ ಹಾಳಾಗುತ್ತದೆ.

ಸೀಸನ್ ಕೊನೆಗೆ ಉಳಿಯುವುದು ಜಾಣ ಹಕ್ಕಿಗಳು. ಕಾರಿನ ಬಾಗಿಲು ಹಾಕಿದ ಸದ್ದಿಗೇ ಹೊಲದ ಆ ತುದಿಯಿಂದ ಹಾರುತ್ತವೆ. ಆಗ ಮಾಡಿಫೈಡ್. ಜೋಡು ನಳಿಗೆಯ ಕೋವಿ ಇದ್ದರೆ ಈ ತಲೆನೋವೇ ಇಲ್ಲ: ಮೊದಲ ಈಡಿಗೆ ಇಂಪ್ರೂವ್ಡ್ ಸಿಲಿಂಡರ್, ಹಕ್ಕಿ ದೂರ ಸರಿದ ಮೇಲಿನ ಎರಡನೆಯದಕ್ಕೆ ಮಾಡಿಫೈಡ್. ಹೊಲದ ತುದಿಯಲ್ಲಿ ಕಾದು ನಿಂತವರಿಗೆ ಮಾತ್ರ ಇದು ಉಲ್ಟಾ. ಹಕ್ಕಿ ಅವರ ಕಡೆಗೇ ಬರುತ್ತಿರುತ್ತದೆ, ಬಿಗಿ ನಳಿಗೆ ಮೊದಲು. ನಳಿಗೆಗೊಂದರಂತೆ ಎರಡು ಟ್ರಿಗರ್ ಇದ್ದರೆ ಯಾವುದು ಮೊದಲು ಎಂದು ಆ ಕ್ಷಣದಲ್ಲೇ ಆರಿಸಬಹುದು, ಅಂಥ ಹಳೆಯ ಕೋವಿಗಳನ್ನು ನಾನು ಇನ್ನೂ ಮೆಚ್ಚುವುದು ಇದಕ್ಕೇ.

ಚೋಕ್ ಟ್ಯೂಬ್ (ನಳಿಗೆಯ ಬಾಯಿಗೆ ತಿರುಗಿಸಿ ಹಾಕುವ ಚೋಕ್) ಬದಲಿಸುವ ಮುಂಚೆ ತೋಟಾ ಹೊರಗೆ ತೆಗೆದು ಕೋವಿ ಖಾಲಿ ಮಾಡಿಕೊಳ್ಳಿ. ಅಂಚಿನಲ್ಲಿ ಗೀರುಗಳಿದ್ದರೆ ಸಾಮಾನ್ಯವಾಗಿ ಒಂದು ಗೀರು ಅಂದರೆ ಫುಲ್, ಮೂರು ಮಾಡಿಫೈಡ್, ನಾಲ್ಕು ಇಂಪ್ರೂವ್ಡ್ ಸಿಲಿಂಡರ್. ಹೊಡೆಯುತ್ತ ಹೊಡೆಯುತ್ತ ಟ್ಯೂಬ್ ಸಡಿಲವಾಗುವುದುಂಟು. ಅದನ್ನು ತಿರುಗಿಸುವ ಕೀ ಜೇಬಿನಲ್ಲೇ ಇರಲಿ. ನಾಯಿಗೆ ನೀರು ಕುಡಿಸಲು ನಿಂತಾಗ ತೋಟಾ ತೆಗೆದು, ಒಮ್ಮೆ ತಿರುಗಿಸಿ ಬಿಗಿ ಮಾಡಿಕೊಳ್ಳಿ.